ಮೂವತ್ತೇಳನೆಯ ಕುಂಡ

ಒಲೊಮೌತ್ಸಿನ ಟ್ರಾಮ್ ಶೆಡ್ಡಿನಲ್ಲಿ
ಬ್ರೇಕು ರಿಪೇರಿ ಮಾಡುತ್ತಿದ್ದ ಒತಾಕರ್
ಕೆಡವಿದ ಮನೆಗಳ ಕಿಟಕಿಗಳನ್ನು ಹೊತ್ತು ತಂದು
ನಮ್ಮ ಕಟ್ಟಡದ ಹಿಂದೆ ಗಾಜಿನ ಮನೆ ಕಟ್ಟಿದ್ದ.
ಒಂದೊಂದು ಚೌಕಟ್ಟಿಗೆ ಒಂದೊಂದು ಬಣ್ಣ.
ಒಂದರ ಮೇಲೆ ಯಾರದೋ ಮಗು ಅಂಟಿಸಿದ
ಕಾಗದದ ಬಾತುಕೋಳಿ, ಇನ್ನೂ ಇತ್ತು.

ಒಳಗೆ ಮೊಸರಿನ ಲೋಟ, ಸಾಸಿವೆ ಡಬ್ಬಿ, ಮಣ್ಣಿನ ಕುಂಡ,
ಎಲ್ಲದರಲ್ಲೂ ಕಳ್ಳಿ.
ಅವನು ನೋಡದ, ಅವನನ್ನು ಹೋಗಗೊಡದ ದೇಶಗಳವು.
ಬೀಜ ಬರುತ್ತಿದ್ದುದು ಅಂಚೆಚೀಟಿಯ ಅಡಿಯಲ್ಲಿ,
ಧೂಳಿನಷ್ಟು,
ತಪಾಸಣೆಯವನು ಸೀನಿದರೆ ಹಾರಿಹೋಗುವಷ್ಟು.
ಗಡಿ ದಾಟುವ ಪರವಾನಗಿ ಅವಕ್ಕೂ ಇರಲಿಲ್ಲ.
ದಾಟಿದ್ದವು, ಅಷ್ಟೇ.

ಆ ಹೊಸವರ್ಷದ ಹಿಂದಿನ ಸಂಜೆ ಮಳೆ.
ಒಂಬತ್ತಕ್ಕೆ ಮಳೆಯೇ ನಿಂತಲ್ಲಿ ಗಾಜಾಯಿತು.
ಹತ್ತಕ್ಕೆ ಕರೆಂಟು ಹೋಯಿತು.
ಹನ್ನೊಂದಕ್ಕೆ ಒತಾಕರ್ ಬಾಗಿಲು ಬಡಿದ,
ಬೆನ್ನಿಗೆ ಕಂಬಳಿ, ಕೈಯಲ್ಲಿ ಬಿಯರ್ ಕ್ರೇಟು,
ಕ್ರೇಟಿನಲ್ಲಿ ಪತ್ರಿಕೆ ಸುತ್ತಿದ ಕೂಸುಗಳು.
ಹದಿನಾರು ಮನೆ ಹತ್ತಿಳಿದ.
ಮಾತು ಬಿಟ್ಟಿದ್ದ ಕೆಳಗಿನ ಹ್ಲಾವಿನ್ಕಾಗೂ ಕೊಟ್ಟ ಆರು.

ನನಗೊಂದು ಸಿಕ್ಕಿತು. ಒಂಬತ್ತು ವರ್ಷ ನನಗಾಗ.
ಹೆಬ್ಬೆರಳಿನ ಗಾತ್ರ, ಬೊಲಿವಿಯಾದ ಬೆಟ್ಟದ್ದು,
ಪಟ್ಟಿಯ ಮೇಲೆ 37.
‘ಬ್ಲಾಂಕಾ, ಮಾರ್ಚಿನ ತನಕ ಹನಿ ನೀರೂ ಬೇಡ.
ಸತ್ತ ಹಾಗೆ ಇರುತ್ತದೆ. ನಂಬಬೇಡ.’

ನಾನು ಹನಿ ನೀರೂ ಹಾಕಲಿಲ್ಲ.
ದಿನಾ ನೋಡಿದೆ.
ಮುಳ್ಳೆಂದರೆ ಮುಳ್ಳಲ್ಲ ಅದು, ಬಾಚಣಿಗೆ,
ಬೆರಳಿಗೆ ಒರಗಿ ಮಲಗುವಂಥದ್ದು.

ಮಾರ್ಚಿನಲ್ಲಿ ಅವನು ಖಾಲಿ ಕ್ರೇಟು ಹಿಡಿದು ಬಂದ.
‘ಸತ್ತುಹೋಯಿತು’ ಅಂದೆ.
‘ಮುಟ್ಟಿದರೆ ಮೆತ್ತಗಿತ್ತಾ?’
‘ಹೂಂ.’
‘ನೀರು ಹಾಕಿದೆಯಾ?’
‘ಹೂಂ.’
ಮಾಡಿದ ತಪ್ಪು ಮುಚ್ಚಲು
ಮಾಡದ ತಪ್ಪೊಂದನ್ನು ಒಪ್ಪಿಕೊಂಡೆ.
ಅವನು ನನ್ನ ತಲೆ ಸವರಿದ. ಗ್ರೀಸಿನ ವಾಸನೆ.
ಪರದೆಯ ಹಿಂದೆ ಒಂದು ಕಳ್ಳಿ,
ಪರದೆಯ ಮುಂದೆ ಒಬ್ಬಳು.

ಮೇ ತಿಂಗಳಲ್ಲಿ ಅದು ಹೂಬಿಟ್ಟಿತು.
ಬೀಟ್‌ರೂಟು ಹೆಚ್ಚಿದ ಕೈಯ ಬಣ್ಣ.
ಬಿಸಿಲೇರಿದರೆ ಅರಳಿ, ಇಳಿದರೆ ಮುಚ್ಚಿ,
ನಾಲ್ಕು ದಿನ.
ಹೇಳಬೇಕಾದವನು ಒಬ್ಬನೇ ಇದ್ದ,
ಅವನಿಗೇ ಹೇಳುವಂತಿರಲಿಲ್ಲ.

ಆಮೇಲೆ ಗಡಿಯ ತಂತಿ ಕತ್ತರಿಸಿದರು.
ಒತಾಕರ್ ಎಲ್ಲಿಗೂ ಹೋಗಲಿಲ್ಲ.
‘ಈಗ ಮಂಡಿನೋವು’ ಅನ್ನುತ್ತಿದ್ದ.
ಹೋದ ಚಳಿಗಾಲ ಅವನ ಮೊಮ್ಮಗ ರಾದೊವಾನ್
ಹಳೆಯ ನೋಟುಬುಕ್ಕು ತಂದುಕೊಟ್ಟ,
‘ಇಂಥದ್ದೆಲ್ಲ ನಿಮಗೇ ಅರ್ಥವಾಗೋದು’ ಎಂದು.

ಆ ರಾತ್ರಿಯ ನೂರನಲವತ್ತು ಕುಂಡ, ಸಾಲು ಸಾಲು.
ತಿರುಗಿ ಬಾರದವು ಇಪ್ಪತ್ತೊಂದು.
ಯಾವುದಕ್ಕೂ ಗೀಟು ಹೊಡೆದಿರಲಿಲ್ಲ,
ಎದುರಿಗೆ ಮನೆ ನಂಬರು ಬರೆದಿದ್ದ.
ಹ್ಲಾವಿನ್ಕಾನ ಆರೂ ಬಂದಿದ್ದವು,
ಒರೆಸಿ, ಧೂಳು ಕೊಡವಿ.

37: ಮೂರನೆಯ ಮಹಡಿ, ಎಡಕ್ಕೆ.
ಬದುಕಿದೆ. ಮೇ 19, ಒಂದು ಹೂ, ಅಂಗಳದಿಂದ ಕಂಡೆ.
ಮರುವರ್ಷ: ಐದು ಹೂ.
ಅದರ ಮರುವರ್ಷ: ಕುಂಡ ಸಾಲದು. ಹುಡುಗಿಗೆ ಹೇಳಬೇಕು.
ಹೇಗೆ?

ನೋಟುಬುಕ್ಕು ಮಡಿಲಲ್ಲಿಟ್ಟು ಕೂತೆ.
ಹನ್ನೊಂದು ವರ್ಷ ನನಗಾಗ, ನೆನಪಿದೆ,
ಒಂದು ಬೆಳಿಗ್ಗೆ ನಮ್ಮ ಬಾಗಿಲ ಹೊರಗೆ
ಒಂದಳತೆ ದೊಡ್ಡ ಮಣ್ಣಿನ ಕುಂಡ,
ಅರ್ಧದಷ್ಟು ಜಲ್ಲಿಮಣ್ಣು ತುಂಬಿ.

ಯಾರೋ ಮರೆತದ್ದು ಅಂದಳು ಅಮ್ಮ.
ಜಲ್ಲಿ ಸುರಿದು, ತೊಳೆದು,
ಅದರಲ್ಲಿ ಈರುಳ್ಳಿ ಇಟ್ಟಳು.
ಬಹಳ ವರ್ಷ ಇಟ್ಟಳು.