ಗುರಾಮನ ಮನೆಯ ವಿಳಾಸ

ಇದೆ. ನನ್ನ ಕಣ್ಣೆದುರೇ ಇದೆ.
ಲೋಕಲ್ ಎಂಬ ಫೋಲ್ಡರಿನ ಒಳಗೆ, ಲಿಬ್ ಎಂಬ ಗೂಡಿನಲ್ಲಿ,
ನಿನ್ನೆ ಸಂಜೆ ಆರೂ ಹತ್ತಕ್ಕೆ ಬಂದು ಕೂತದ್ದು.
ಪ್ರೋಗ್ರಾಮು ಮಾತ್ರ ಸಿಗಲಿಲ್ಲ, ಸಿಗಲಿಲ್ಲ ಎನ್ನುತ್ತದೆ,
ಕಂಕುಳಲ್ಲಿ ಕೂಸಿಟ್ಟುಕೊಂಡು
ಊರೆಲ್ಲ ಡಂಗುರ ಹೊಡೆಸಿದವಳ ಹಾಗೆ.

ಹೊರಗೆ ಮೆಸ್ತಿಯಾದ ಕಲ್ಲುಗೋಪುರಗಳು.
ಕೆಳಗೆ ಹಿಮನದಿಯಿಂದ ಇಳಿದು ಬರುವ ಬೂದಿಬಣ್ಣದ ನೀರು,
ನೀರಿನ ಎತ್ತರ ಅಳೆಯಲೊಂದು ಕೋಲು,
ಕೋಲಿನ ಮಾತು ಕೇಳಬೇಕಾದ ಈ ಪೆಟ್ಟಿಗೆ
ಎರಡು ದಿನದಿಂದ ಕಿವುಡು.

ಎಲ್ಲೆಲ್ಲಿ ಹುಡುಕಿದೆ, ಒಪ್ಪಿಸು ಎಂದೆ.
ಸಾಲುಸಾಲಾಗಿ ಒಪ್ಪಿಸಿತು.
ಮೊದಲ ಸಾಲಿನಲ್ಲೇ ಗುರಾಮನ ಮನೆ.

ಗುರಾಮ್ ಕೆಲಸ ಬಿಟ್ಟು ನಾಲ್ಕು ವರ್ಷ.
ಈಗ ಜುಗ್ದಿದಿಗೆ ಮಿನಿಬಸ್ ಓಡಿಸುತ್ತಾನೆ.
ಫೋನಿನಲ್ಲಿ, ಹಾರ್ನಿನ ನಡುವೆ, ನಕ್ಕ:
"ಎತೇರಿ, ಆಗ ನನಗೆ ಉಗ್ರಾಣದ ಬೀಗದಕೈ ಯಾರು ಕೊಟ್ಟಿದ್ದರು?
ಅದಕ್ಕೇ ನನ್ನ ಮನೆಯಲ್ಲೇ ಒಲೆ ಹೂಡಿದೆ,
ಬೇಯಿಸಿದೆ, ಬಡಿಸಿದೆ.
ಇನ್ನೂ ಅಲ್ಲಿಗೇ ಊಟಕ್ಕೆ ಬರ್ತಿದ್ದಾವಾ?"

ಬರುತ್ತಿದ್ದವು. ತಪ್ಪು ನನ್ನದು.
ಅವನ ಹಳೇ ಬಾಣಲೆಯಲ್ಲೇ ಕಂಪೈಲು ಮಾಡಿದ್ದೆ,
ತಳ ಉಜ್ಜದೆ.

ಉಜ್ಜಿದೆ. ಮೊದಲಿನಿಂದ ಶುರು.
ಎಲ್ಲಿ ಇಳಿಯಬೇಕೆಂದು
ಹೊರಡುವ ಮುಂಚೆಯೇ ಹೇಳಿಬಿಡಬೇಕು;
ಆಮೇಲೆ ಹೇಳಿದರೆ
ಎಲುಬಿನೊಳಗೆ ಬರೆದ ವಿಳಾಸ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ.
ಹದಿನೇಳು ನಿಮಿಷ ಅಕ್ಷರಗಳು ಹರಿದವು.
ತಟ್ಟೆಯ ಕುಬ್ದಾರಿ ರೊಟ್ಟಿ ಆರಿತು, ಒಳಗಿನ ಕೊಬ್ಬು ಹೆಪ್ಪುಗಟ್ಟಿತು.
ಹೊಸ ಗೂಡಿನ ಸುದ್ದಿಯನ್ನು ಲೋಡರಿಗೂ ಮುಟ್ಟಿಸಿದೆ.

ಆದರೂ ಎದ್ದದ್ದು ಹಳೆಯದೇ.
ಅದೇ ನಂಬರು, ಅದೇ ಕೆಮ್ಮು.

ಬಹಳ ಹೊತ್ತು ನನ್ನನ್ನೇ ಬೈದುಕೊಂಡೆ.
ಕಡೆಗೆ ಹೊಳೆಯಿತು: ಶೆಲ್ಲಿಗೆ ಜ್ಞಾಪಕ ಜಾಸ್ತಿ.
ಒಮ್ಮೆ ತುಳಿದ ದಾರಿಯನ್ನು ಅದು ಮತ್ತೆ ಕೇಳುವುದಿಲ್ಲ,
ಗಾಣದೆತ್ತು.
ಮರೆತುಬಿಡು ಎನ್ನುವುದಕ್ಕೂ ಒಂದು ಆಜ್ಞೆ ಇದೆ,
ಒಂದು ಪದ, ಒಂದು ಗೆರೆ, ಒಂದು ಅಕ್ಷರ.
ಕೊಟ್ಟೆ. ಮರೆಯಿತು.
ಇಷ್ಟೇನಾ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನದಿ: ಒಂದು ಮೀಟರು ಎಂಬತ್ತಮೂರು ಸೆಂಟಿ.

ಗುರಾಮನ ಫೋಲ್ಡರನ್ನು ಅಳಿಸಲಿಲ್ಲ.
ಹೆಸರಿನ ಬಾಲಕ್ಕೆ 'ಹಳೆಯದು' ಎಂದು ಗಂಟು ಹಾಕಿ
ಏನು ಮುರಿಯುತ್ತದೋ ನೋಡೋಣವೆಂದು ಕಾದೆ.
ಶುಕ್ರವಾರ ಏನೂ ಮುರಿಯಲಿಲ್ಲ. ಶನಿವಾರವೂ ಇಲ್ಲ.
ಭಾನುವಾರ ನಿದ್ದೆ ಮಾಡಿದೆ.

ಸೋಮವಾರ ಹತ್ತೂ ಐದಕ್ಕೆ
ಸೇತುವೆ ಪಕ್ಕದ ನಾರ್ಗಿಜಾ ಅಜ್ಜಿಯ ಫೋನು:
"ಹುಡುಗೀ, ಪ್ರತಿ ಸೋಮವಾರ ಹತ್ತಕ್ಕೆ
ಪ್ರವಾಹದ ಸೈರನ್ನು ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು.
ಅದು ಕೂಗಿದಾಗಲೇ ನಾನು ಬಿಪಿ ಮಾತ್ರೆ ನುಂಗುವುದು.
ಇವತ್ತು ಕೂಗಲೇ ಇಲ್ಲವಲ್ಲ?"

ನುಂಗಿ ಅಜ್ಜಿ, ಹತ್ತಾಯಿತು ಎಂದೆ.
ಅತ್ತ ನೀರು ಗುಟುಕರಿಸುವ ಸದ್ದು ಕೇಳುವವರೆಗೆ ಫೋನು ಇಡಲಿಲ್ಲ.
ಇನ್ನೊಂದು ಕೈ ಆಗಲೇ
ಗುರಾಮನ ಮನೆಯ ಬಾಗಿಲು ತಟ್ಟುತ್ತಿತ್ತು.