ಸೀಲು ಬೀಳುವ ತನಕ

ಮೊಯಾಲೆ ಅಂದರೆ ಎರಡು ಊರು, ಹೆಸರು ಒಂದೇ.
ನಡುವೆ ಒಣಹಳ್ಳ, ಹಳ್ಳದ ಮೇಲೊಂದು ಗೇಟು,
ಗೇಟಿನ ಮೇಲೆ ಕಾಗೆ.
ಈಚೆ ಕೀನ್ಯಾ, ಆಚೆ ಇಥಿಯೋಪಿಯಾ.
ಕಾಗೆಯ ಕೊಕ್ಕು ಅಲ್ಲಿ, ಬಾಲ ಇಲ್ಲಿ.

ನಮ್ಮ ಲಾರಿಯಲ್ಲಿ ಮುನ್ನೂರು ಮೂಟೆ ಸಿಮೆಂಟು,
ಕಾಗದದಲ್ಲಿ ಒಂದು ಸೀಲು ಕಮ್ಮಿ.
ಡ್ರೈವರ್ ಕಿರೇರಾ ಟಯರಿನ ನೆರಳಲ್ಲಿ ಮಲಗಿದ.
ಕ್ಲೀನರು ನಾನು. ಕಾಲು ನಿಲ್ಲದ ವಯಸ್ಸು.

ಈಚೆ ದಡದಲ್ಲಿ ಟುಮೆಯ ತಗಡಿನ ಅಂಗಡಿ:
ಹಾಲು, ಸೊಪ್ಪು, ಶುಂಠಿ, ಸಕ್ಕರೆ ಎಲ್ಲ ಒಟ್ಟಿಗೇ ಸುರಿದು
ಮೂರು ಸಲ ಉಕ್ಕಿಸಿ, ಮೂರು ಸಲ ಬೈದು ಇಳಿಸುವಳು.
ಲೋಟವೋ, ಮಗುವನ್ನು ಮೀಯಿಸಬಹುದು.

ಆಚೆ ದಡದಲ್ಲಿ ಅವಳಕ್ಕ ಢಾಕಿ:
ಹಸಿ ಹುಲ್ಲು ಹಾಸಿ, ಧೂಪ ಹಾಕಿ,
ಬೀಜ ಹುರಿದು, ಒನಕೆಯಲ್ಲಿ ಕುಟ್ಟಿ,
ಉದ್ದ ಕತ್ತಿನ ಮಣ್ಣಿನ ಹೂಜಿಯಿಂದ
ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ
ನೂಲಿನಂತೆ ಇಳಿಸುವಳು ಕಪ್ಪನ್ನು.
ಒಂದು ಕುಡಿದು ಎದ್ದರೆ ಮುನಿಸು. ಮೂರು ಕುಡಿಯಬೇಕು.
ಮೂರನೆಯದರ ಹೆಸರು ಆಶೀರ್ವಾದ,
ಆಶೀರ್ವಾದಗಳಂತೆಯೇ ತುಸು ತೆಳು.

ಮೊದಲ ದಿನವೇ ಹಿಡಿದಳು ಟುಮೆ:
"ಆಚೆ ಕುಡಿದು ಬಂದೆಯಾ? ಮೂಸಿದರೆ ತಿಳಿಯುತ್ತೆ.
ಏನಂದಳು?"
ಅಂದದ್ದನ್ನು ಅಂದೆ:
"ನಿಮ್ಮ ಚಹಾ, ಕರುವಿನ ಮೂತಿ ತೊಳೆದ ನೀರಂತೆ."
"ಹೌದಾ! ಹೋಗಿ ಹೇಳು,
ಗುಬ್ಬಿಗೆ ಬಡಿಸುವಷ್ಟು ಬಟ್ಟಲು,
ಅದಕ್ಕೆ ಮದುವೆಯಷ್ಟು ಸಡಗರ!"

ಹೋದೆ. ಹೇಳಿದೆ. ಢಾಕಿ ಬೀಜ ಹುರಿಯುತ್ತಲೇ,
"ದಣಿದವರಿಗೆ ಚಹಾ, ಸರಿ.
ಯೋಚಿಸುವವರು ಎಲ್ಲಿಗೆ ಹೋಗಬೇಕು, ಕೇಳು."
ಈಚೆಯಿಂದ: "ಯೋಚಿಸಿ ಯಾರ ಹೊಟ್ಟೆ ತುಂಬಿತು?
ನನ್ನ ಚಹಾದಲ್ಲಿ ಅದ್ದಿದರೆ ನಿನ್ನೆಯ ರೊಟ್ಟಿಯೂ ಮೆತ್ತಗೆ.
ಅವಳ ಬಟ್ಟಲಲ್ಲಿ ಏನು ಅದ್ದುತ್ತಾಳೆ, ಮೂಗು?"
ಆಚೆಯಿಂದ: "ಅಮ್ಮನ ಕೈಯಲ್ಲಿ ಯಾವುದಿತ್ತು, ಅದನ್ನು ಕೇಳು."
ಈಚೆಯಿಂದ, ಒಂದು ಗಳಿಗೆ ತಡೆದು:
"ಅಮ್ಮ ಕಾಫಿಹಣ್ಣು ಬೆಣ್ಣೆಯಲ್ಲಿ ಹುರಿದು
ಎಲ್ಲರ ಅಂಗೈಗೂ ಹಾಕುತ್ತಿದ್ದಳು.
ಅದು ಕುಡಿಯುವುದಲ್ಲ, ತಿನ್ನುವುದು.
ಲೆಕ್ಕಕ್ಕಿಲ್ಲ ಅಂತ ಹೇಳು."

ನಾನು ಸೇರಿಸಿದ್ದೂ ಉಂಟು. ಖಾರ ಸಾಲದಾಗ
ಹಳ್ಳ ದಾಟುವ ನೂರು ಹೆಜ್ಜೆಯಲ್ಲಿ
ಒಂದೆರಡು ಬೈಗುಳ ನನ್ನ ಕೈಯಿಂದ.

ಐದನೆಯ ಬೆಳಿಗ್ಗೆ ಗೇಟಿಗೆ ಬೀಗ.
ಯಾಕೆಂದರೆ ಸಿಪಾಯಿ ಆಕಾಶ ನೋಡಿದ.
ರಾತ್ರಿ ಆಚೆ ಏನೋ ಸದ್ದಾಯಿತಂತೆ.
ಟಯರು ಸಿಡಿದಿರಬೇಕು ಅಂದ ಕಿರೇರಾ,
ಅವನಿಗೆ ಎಲ್ಲ ಸದ್ದೂ ಟಯರೇ.
ಟುಮೆ ಹಾಲಿಟ್ಟಳು, ಬೈಯಲಿಲ್ಲ.
ಉಕ್ಕಿ ಒಲೆ ಆರಿತು.
"ಹುಡುಗಾ, ನಿನ್ನ ಕಿವಿ ಚುರುಕು,
ಒನಕೆ ಕೇಳಿಸುತ್ತಾ?"
ಗಾಳಿ ಜೋರಿದೆ, ಗೊತ್ತಾಗ್ತಿಲ್ಲ ಅಂದೆ.
ಗಾಳಿ ಇರಲಿಲ್ಲ.
ಚಿಲ್ಲರೆ ಜಾಸ್ತಿ ಕೊಟ್ಟಳು,
ಸಕ್ಕರೆಯೆಂದು ಉಪ್ಪು ಸುರಿದಳು.
ಕುಡಿದವರು ಏನೂ ಅನ್ನದೆ ಕುಡಿದರು.

ಮಧ್ಯಾಹ್ನ ದಾಟಿತ್ತು. ಕಾಗೆ ಎದ್ದು ಹೋಗಿತ್ತು.
ಆಗ ಬಂತು ಹಳ್ಳದ ಮೇಲಿಂದ
ಮೊದಲು ಧೂಪ, ಅದರ ಬೆನ್ನಿಗೇ
ಹುರಿದ ಬೀಜದ ಘಾಟು.
ಸೌಟು ಹಿಡಿದು ನಿಂತೇ ಇದ್ದಳು ಟುಮೆ.
ಮೂಗರಳಿಸಿದಳು. ಶಾಲಿನಂಚಿನಿಂದ ಮುಖವೊರೆಸಿ
"ಸೀದಿದೆ," ಅಂದಳು.
"ಹುರಿಯೋಕೆ ಬರಲೇ ಇಲ್ಲ ಅವಳಿಗೆ, ಇವತ್ತಿಗೂ."
ನನ್ನ ಲೋಟ ತುಂಬಿ, ತುಂಬಿದ ಮೇಲೂ ಸುರಿದಳು.
ಬೆರಳು ಸುಟ್ಟಿತು. ದುಡ್ಡು ಬೇಡ ಅಂದಳು.

ಮಾರನೆಯ ದಿನ ಬೀಗ ತೆಗೆದರು, ಸೀಲೂ ಬಿತ್ತು.
ಢಾಕಿಯ ಅಂಗಡಿ ಮುಂದೆ ಕಿರೇರಾ ನಿಲ್ಲಿಸಲಿಲ್ಲ.
ಹೊಸಿಲಿಗೆ ಓಡಿ ಬಂದು ಕೂಗಿದಳು: "ಏನಂದಳು?"
ಕಿಟಕಿಯಿಂದ ಅರ್ಧ ಮೈ ಹೊರಹಾಕಿ
ಇಂಜಿನ್ನಿನ ಗದ್ದಲದ ಮೇಲೆ ಕೂಗಿದೆ:
"ಸೀದಿದೆಯಂತೆ!"
ಕೈಯೆತ್ತಿ ಏನೋ ಬೈದಳು, ಉದ್ದಕ್ಕೆ.
ಕೇಳಿಸಲಿಲ್ಲ.
ವಾಪಸು ಹೋಗುವಾಗ ತಲುಪಿಸಬೇಕು.