ಉಪ್ಪುನೀರೋ, ನಾನೋ

ಮೂಗಿನಿಂದ ನಳಿಗೆ ಇಳಿಸಿ
ಮೀನಿನ ಮುಳ್ಳಿನಂಥ ಕುಂಚದಲ್ಲಿ
ಶ್ವಾಸನಾಳದ ಗೋಡೆ ಕೆರೆದರು.
ಎರಡು ನಿಮಿಷ. ಅಷ್ಟೇ ಕೆಲಸ.
ಮೂವತ್ತೊಂದು ವರ್ಷ ನಾನು ಭೂಮಿಯ ಗೋಡೆ ಕೆರೆದವ,
ಗೋಡೆ ಏನೂ ಅನ್ನಲಿಲ್ಲ.
ನಾನೂ ಅನ್ನಲಿಲ್ಲ.
ಬಾಯಿ ಮರಗಟ್ಟಿತ್ತು.

ಡಾಕ್ಟರ್ ಬೋಗ್ನಾಗೆ ನನ್ನ ಕಿರಿಮಗಳ ವಯಸ್ಸು.
ಇಪ್ಪತ್ತೆರಡು ಪುಟ, ಪುಟಪುಟಕ್ಕೂ ರುಜು.
"ಇದು ಔಷಧವಲ್ಲ ಆಲೋಯ್ಸ್ ಅವರೇ, ಇನ್ನೂ ಪ್ರಶ್ನೆ.
ನಿಮ್ಮವೇ ಜೀವಕೋಶ. ತೆಗೆದು, ಬೆಳೆಸಿ,
ತಿರುಗಿ ನಿಮ್ಮೊಳಗೇ ಬಿಡುತ್ತೇವೆ.
ಅರ್ಧ ಜನಕ್ಕೆ ಅದು, ಇನ್ನರ್ಧಕ್ಕೆ ಬರೀ ಉಪ್ಪುನೀರು.
ಯಾರಿಗೆ ಯಾವುದು, ನನಗೂ ತಿಳಿಯದು."
ಸುಳ್ಳು ಹೇಳದ ಹುಡುಗಿ. ರುಜು ಹಾಕಿದೆ.

ತೆಗೆದು, ಬೆಳೆಸಿ, ಬಿಡುವುದು ನನಗೆ ಹೊಸದಲ್ಲ.
ಬಿತೊಮ್‌ನ ನಮ್ಮ ಕೇರಿಯಲ್ಲಿ
ಕೆಂಪಿಟ್ಟಿಗೆಯ ಸಾಲುಮನೆಗಳ ಹಿಂದೆ
ಪಾರಿವಾಳದ ಗೂಡಿಲ್ಲದ ಗಣಿಗಾರ ಗಣಿಗಾರನೇ ಅಲ್ಲ.
ಬುಟ್ಟಿಗೆ ತುಂಬಿ, ಲಾರಿಗೆ ಹೇರಿ,
ಆರುನೂರು ಕಿಲೋಮೀಟರ್ ಆಚೆ ಜರ್ಮನಿಯ ಬಯಲಲ್ಲಿ ಬಿಡಿಸಿ
ಇಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿ ಆಕಾಶ ಕಾಯುತ್ತಿದ್ದೆವು.
ಬರುವುದು ಬರುತ್ತದೆ.
ಬಾರದ್ದಕ್ಕೆ ಗಿಡುಗ, ತಂತಿ, ಬಿರುಗಾಳಿ,
ಇಲ್ಲವೇ ಇನ್ನೊಬ್ಬರ ಗೂಡಿನ ಜೋಳ.

ಗೂಡು ಅಟ್ಟದ ಮೇಲೆ. ಹದಿನಾಲ್ಕು ಮೆಟ್ಟಿಲು.
ಐದು ಹತ್ತಿ ಕೂರುತ್ತೇನೆ.
ಉಳಿದದ್ದನ್ನು ತ್ರೂದಾ ಹತ್ತುತ್ತಾಳೆ, ಬೈಯುತ್ತಾ,
ಕಾಳಿನ ಡಬ್ಬಿ ಹಿಡಿದು.
ಆಮ್ಲಜನಕದ ಪೆಟ್ಟಿಗೆ ಮೂಲೆಯಲ್ಲಿ
ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ
ರಾತ್ರಿಯೆಲ್ಲ ಗೊಣಗುತ್ತದೆ.

ಐದನೇ ವಾರ ಬೋಗ್ನಾ ಕರೆದು ಸೂಕ್ಷ್ಮದರ್ಶಕ ತೋರಿಸಿದಳು.
ತಟ್ಟೆಯ ತಳದಲ್ಲಿ ನಾನು.
ಹಸಿ. ಹೊಳಪು. ಮಸಿಯಿಲ್ಲ.
ಕೂದಲಿಗಿಂತ ಸಣ್ಣ ಕೂದಲುಗಳು
ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು,
ಗೋಧಿ ಹೊಲದ ಮೇಲೆ ಗಾಳಿ ಹಾದಂತೆ.
ಗಾಳಿಯೇ ಇರಲಿಲ್ಲ ಅಲ್ಲಿ. ಅವೇ ಗಾಳಿ.
"ಧೂಳು ಹೊರದಬ್ಬುವ ಕೆಲಸ ಇವುಗಳದ್ದು" ಎಂದಳು.
ಅಂದರೆ ಎಂಟುನೂರು ಮೀಟರ್ ಆಳದಲ್ಲಿ, ಪಾಳಿಯಿಂದ ಪಾಳಿಗೆ,
ಇಂಥವರೂ ಇದ್ದರು ನನ್ನ ಜೊತೆ,
ಸಂಬಳವಿಲ್ಲದೆ ಗುಡಿಸಿ ಗುಡಿಸಿ ಸತ್ತವರು.
ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.
ಟೋಪಿ ತೆಗೆದೆ.
ನನಗೆ ಸೆಕೆಯೆಂದುಕೊಂಡು ಬೋಗ್ನಾ ಕಿಟಕಿ ತೆರೆದಳು.

ಸಂತ ಬಾರ್ಬರಾಳ ಹಬ್ಬದ ಮರುದಿನ ಬಿಟ್ಟರು.
ಎರಡು ಹಾಸಿಗೆ, ಎರಡು ಸಿರಿಂಜು,
ಎರಡಕ್ಕೂ ಸುತ್ತಿದ ಕಪ್ಪು ಕಾಗದ.
ಪಕ್ಕದಲ್ಲಿ ಗಿಂಟರ್, ಮೂರನೇ ಸುರಂಗದವ,
"ನಿನಗೆ ಉಪ್ಪುನೀರು, ಬರೆದಿಟ್ಟುಕೋ" ಎಂದ,
"ನನ್ನದು ಆಗಲೇ ಒಳಗೆ ರೆಕ್ಕೆ ಬಡಿಯಿತು."
ಬಡಿದದ್ದು ಕೆಮ್ಮು. ನಕ್ಕೆವು,
ನಗುವಷ್ಟು ಉಸಿರು ಇಬ್ಬರದ್ದೂ ಸೇರಿ ಇರಲಿಲ್ಲ.

ಆರು ತಿಂಗಳಿಗೆ ಆರು ನಿಮಿಷದ ನಡಿಗೆ.
ಆಸ್ಪತ್ರೆಯ ಪಡಸಾಲೆ, ನೆಲಕ್ಕೆ ಹಳದಿ ಪಟ್ಟಿ.
ಹೋದ ಸಲಕ್ಕಿಂತ ಹದಿನೇಳು ಮೀಟರ್ ಹೆಚ್ಚು.
"ಹದಿನೇಳು ಏನನ್ನೂ ಹೇಳುವುದಿಲ್ಲ" ಎಂದಳು ಬೋಗ್ನಾ.
ಬರೆದುಕೊಳ್ಳುವಾಗ ಮಾತ್ರ
ಪೆನ್ನು ಕಾಗದಕ್ಕೆ ನಾಟುವಷ್ಟು ಒತ್ತಿದ್ದಳು.
ಗಿಂಟರ್ ಬಂದಿರಲಿಲ್ಲ.
ಫೆಬ್ರವರಿಯಲ್ಲಿ ಹೂತಿದ್ದೆವು, ಗಣಿಯ ಬ್ಯಾಂಡು ಊದಿಸಿ.
ಊದುವವರಲ್ಲೂ ಅರ್ಧ ಜನ
ನಡುನಡುವೆ ಸ್ವರ ಬಿಟ್ಟು ನಿಲ್ಲುತ್ತಿದ್ದರು.
ಅವನಿಗೆ ಸಿಕ್ಕಿದ್ದು ಯಾವುದೋ,
ಲಕೋಟೆ ಇನ್ನೂ ಒಡೆದಿಲ್ಲ.

ಇವತ್ತು ಏಳು ಮೆಟ್ಟಿಲು ಹತ್ತಿ ಕೂತಿದ್ದೇನೆ.
ಐದಲ್ಲ, ಏಳು.
ಉಪ್ಪುನೀರೋ, ನಾನೋ, ಬರೀ ಹಟವೋ.
ಮೇಲೆ ತ್ರೂದಾ ಎಣಿಸುತ್ತಿದ್ದಾಳೆ:
"ಇಪ್ಪತ್ತಮೂರು. ಬೂದಿ ಬಣ್ಣದ್ದೊಂದು ಬಂದಿಲ್ಲ.
ಕಿಂಡಿ ಹಾಕಲಾ?"

"ಇರು" ಎಂದೆ.
ಒಂದು ಉಸಿರಿಗೆ ಆದದ್ದು ಅಷ್ಟೇ.
ಇನ್ನೊಂದು ಉಸಿರು ಬರುವವರೆಗೆ ಕಾದು,
"ಬೆಳಕಿದೆ."